ಸಾಹೇಬರು ತಣ್ಣಗಾಗುತ್ತಿದ್ದಾರೆ

ಗುಮಾಸ್ತನೊಬ್ಬ ಸರ್ಕಾರಿ ಕೆಲಸ ಬಿಟ್ಟು ಸ್ವಂತ ವ್ಯಾಪಾರ ಮಾಡ್ತೀನಿ ಅಂದರೆ ಮನೆಮಂದಿಯೆಲ್ಲ ಮುತ್ತಿಕೊಳ್ಳುತ್ತಾರೆ. ಬಂಡವಾಳ ಎಲ್ಲಿದೆ? ಪಿಂಚಣಿ ಗತಿ ಏನು? ತಲೆಗಿಲೆ ಕೆಟ್ಟಿದೆಯಾ? ದೊಡ್ಡ ಸಾಹೇಬರು ಬಿಟ್ಟರೆ ಮಾತ್ರ ಯಾರೂ ಕೇಳುವುದಿಲ್ಲ. ಅವರ ಬಂಡವಾಳ ತಲೆಯಲ್ಲೇ ಇದೆ. ಫೈಲು ಯಾವ ಮೇಜಿನ ಮೇಲೆ ಮಲಗುತ್ತದೆ, ಯಾರಿಗೆ ಫೋನ್ ಮಾಡಿದರೆ ಏಳುತ್ತದೆ, ನಿಯಮದಲ್ಲಿ ಸಂದು ಎಲ್ಲಿದೆ, ಎಲ್ಲಾ ಗೊತ್ತು. ನಿಯಮ ಬರೆದವರೇ ಅವರಲ್ವಾ?

ಇದಕ್ಕೆ ಸರ್ಕಾರಗಳು ಕಂಡುಹಿಡಿದ ಮದ್ದು ಕೂಲಿಂಗ್ ಆಫ್ ಅವಧಿ, ಅಂದರೆ ಖಾಸಗಿ ಕಂಪನಿ ಸೇರುವ ಮುನ್ನ ತಣ್ಣಗಾಗುವ ಕಾಲ. ಒಂದೋ ಎರಡೋ ವರ್ಷ ಸುಮ್ನೆ ಮನೆಯಲ್ಲಿರಿ, ಆಮೇಲೆ ನಿಮ್ಮಿಷ್ಟ. ಅಷ್ಟರಲ್ಲಿ ಸಾಹೇಬರಿಗೆ ಎಲ್ಲಾ ಮರೆತುಹೋಗಿರುತ್ತದೆ ಅಂತ ಲೆಕ್ಕ. ಹಳೇ ಸುತ್ತೋಲೆಯ ನಂಬರನ್ನು ತಾರೀಖಿನ ಸಮೇತ ನಿದ್ದೆಯಲ್ಲೂ ಹೇಳುವ ಮನುಷ್ಯ, ತಾನೇ ಪ್ರಮೋಷನ್ ಕೊಡಿಸಿದ ಹುಡುಗರು ಈಗ ಯಾವ್ಯಾವ ಕುರ್ಚಿಯಲ್ಲಿದ್ದಾರೆ ಅನ್ನುವುದನ್ನು ಮಾತ್ರ ಮರೆತುಬಿಡುತ್ತಾರಂತೆ!

ಯುರೋಪಿಯನ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್‌ನ ಅಧ್ಯಕ್ಷರಾಗಿದ್ದ ಬರೋಸೊ 2014ರಲ್ಲಿ ಅಧಿಕಾರ ಬಿಟ್ಟರು. ಆಗಿನ ನಿಯಮ 18 ತಿಂಗಳು. ಅವರು ಪಾಪ 20 ತಿಂಗಳು ಕಾದು, 2016ರ ಜುಲೈನಲ್ಲಿ ಅಮೆರಿಕದ ದೊಡ್ಡ ಬ್ಯಾಂಕು ಗೋಲ್ಡ್‌ಮನ್ ಸ್ಯಾಕ್ಸ್ ಸೇರುವ ಸುದ್ದಿ ಕೊಟ್ಟರು. ಗಲಾಟೆಯೋ ಗಲಾಟೆ. ಕಮಿಷನ್‌ನ ನೈತಿಕತೆ ನೋಡುವ ಸಮಿತಿ ಕೂತು ನೋಡಿ, ವಿವೇಚನೆ ಸಾಲದು, ಆದರೆ ನಿಯಮ ಮುರಿದಿಲ್ಲ ಎಂದಿತು. ಕ್ಯಾಲೆಂಡರ್ ಸರಿಯಾಗಿತ್ತಲ್ಲ, ಇನ್ನೇನು ಬೇಕು? ಆಮೇಲೆ 2018ರಲ್ಲಿ ಅಧ್ಯಕ್ಷರು ಕಾಯಬೇಕಾದ ಅವಧಿಯನ್ನು 3 ವರ್ಷಕ್ಕೆ ಏರಿಸಿದರು. ಇನ್ನು ಮುಂದಿನವರು ದೊಡ್ಡ ಕ್ಯಾಲೆಂಡರ್ ತೂಗುಹಾಕಿಕೊಳ್ಳಬೇಕು.

ಕಾಯುವ ತಾಳ್ಮೆ ಇಲ್ಲದವರ ಪಾಡು ಬೇರೆ. ಅಮೆರಿಕದ ವಾಯುಪಡೆಯಲ್ಲಿ ಖರೀದಿ ನೋಡಿಕೊಳ್ಳುತ್ತಿದ್ದ ಡಾರ್ಲೀನ್ ಡ್ರುಯನ್, ಬೋಯಿಂಗ್ ಜೊತೆ ವಿಮಾನದ ಮಾತುಕತೆ ನಡೆಯುತ್ತಿರುವಾಗಲೇ ಅಲ್ಲಿ ತಮ್ಮ ಕೆಲಸದ ಮಾತುಕತೆಯನ್ನೂ ನಡೆಸಿದರು. 2004ರಲ್ಲಿ 9 ತಿಂಗಳ ಜೈಲು ಶಿಕ್ಷೆಯಾಯಿತು. ಎರಡು ವ್ಯವಹಾರ ಒಟ್ಟಿಗೆ ಮಾಡಿದ್ದೇ ತಪ್ಪಾಯಿತು ನೋಡಿ. ಒಂದಾದ ಮೇಲೊಂದು ಮಾಡಿದ್ದರೆ ಅದಕ್ಕೆ ಅನುಭವ ಅಂತ ಹೆಸರು.

ಅವಧಿ ಮುಗಿದ ಮಾರನೇ ದಿನ ಕಲ್ಪಿಸಿಕೊಳ್ಳಿ. ಕಂಪನಿಯ ಸಲಹೆಗಾರರಾಗಿ ಸಾಹೇಬರು ಹಳೇ ಕಚೇರಿಗೆ ಬರುತ್ತಾರೆ. ಕಿರಿಯ ಅಧಿಕಾರಿ ದಡಬಡ ಎದ್ದು ತನ್ನ ಕುರ್ಚಿಯನ್ನೇ ಬಿಟ್ಟುಕೊಡುತ್ತಾನೆ. "ಬೇಡಪ್ಪ, ನಾನೀಗ ಬರೀ ಅರ್ಜಿದಾರ" ಎನ್ನುತ್ತಲೇ ಸಾಹೇಬರು ಅದರಲ್ಲಿ ಕೂರುತ್ತಾರೆ. ಫೈಲು ಬರುತ್ತದೆ. ಅದರಲ್ಲಿ ಕೆಂಪು ಶಾಯಿಯ ಆಕ್ಷೇಪಣೆ, ಒಂದೂವರೆ ಪುಟ.

"ಯಾರಯ್ಯ ಈ ತರಲೆ ಎಲ್ಲಾ ಬರೆದಿದ್ದು?"

"ತಾವೇ ಸರ್."

"ಹೌದಾ? ಹಾಗಾದ್ರೆ ನಾನೇ ಒಂದು ಒಳ್ಳೇ ಉತ್ತರ ಬರೆದುಕೊಡ್ತೀನಿ, ನೀನು ಸಹಿ ಹಾಕು."