ಸತ್ಯಾಂಶ: 371(ಜೆ) ಸರ್ಟಿಫಿಕೇಟ್ ಇದ್ದರೆ ನರ್ಸ್ ನೌಕರಿ ನೇರವಾಗಿ ಸಿಗುತ್ತದೆಯೇ?

‘ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಯ ನರ್ಸಿಂಗ್ ಪಾಸಾದವರಿಗೆ 371(ಜೆ) ಅಡಿ ನೇರ ಕಾಯಂ ನೌಕರಿ, ಕೂಡಲೇ ಹೆಸರು ನೋಂದಾಯಿಸಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಸುಳ್ಳು.

ಸಂವಿಧಾನದ 371(ಜೆ) ವಿಧಿ ಕಲ್ಯಾಣ ಕರ್ನಾಟಕದವರಿಗೆ ಕೊಡುವುದು ಮೀಸಲಾತಿ, ನೌಕರಿಯಲ್ಲ. ಶುಶ್ರೂಷಾಧಿಕಾರಿ (ಹಳೆಯ ಹೆಸರು ಸ್ಟಾಫ್ ನರ್ಸ್) ಗ್ರೂಪ್ ‘ಸಿ’ ಹುದ್ದೆ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ (ಆ ಭಾಗಕ್ಕೇ ಗುರುತಿಸಿದ ಹುದ್ದೆಗಳ ಗುಂಪಿನಲ್ಲಿ) ಈ ಗುಂಪಿನ ಶೇ 80ರಷ್ಟು ಹುದ್ದೆ ಸ್ಥಳೀಯರಿಗೆ ಮೀಸಲು. ಆದರೆ ಅಧಿಸೂಚನೆ, ಅರ್ಜಿ, ಆಯ್ಕೆ ಪಟ್ಟಿ, ದಾಖಲೆ ಪರಿಶೀಲನೆ ಯಾರಿಗೂ ತಪ್ಪಿದ್ದಲ್ಲ. ಸ್ಥಳೀಯರ ನಡುವೆಯೇ ಪೈಪೋಟಿ ಇರುತ್ತದೆ.

ಹೆಚ್ಚಿನವರು ಎಡವುವುದು ಕಾಗದಪತ್ರಗಳಲ್ಲಿ. ವಾಸಸ್ಥಳ ಪ್ರಮಾಣಪತ್ರ ಬೇರೆ, 371(ಜೆ) ಅರ್ಹತಾ ಪತ್ರ ಬೇರೆ. ಎರಡನೆಯದನ್ನು ಕೊಡುವವರು ಉಪವಿಭಾಗಾಧಿಕಾರಿ (ಎಸಿ). ಚಿಂಚೋಳಿಯವರಾದರೆ ಸೇಡಂ ಎಸಿ ಕಚೇರಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಶರಣಮ್ಮ’, ಆಧಾರ್‌ನಲ್ಲಿ ‘ಶರಣಬಾಯಿ’ ಎಂದಿದ್ದರೆ ಪರಿಶೀಲನೆಯ ದಿನ ತಕರಾರು ಏಳುತ್ತದೆ. ಅರ್ಜಿಗೆ ಮುಂಚೆಯೇ ಸರಿಮಾಡಿಸಿ. ಲಾತೂರು, ಹೈದರಾಬಾದಿನಲ್ಲಿ ಓದಿದವರು ಅಲ್ಲಿನ ಕೌನ್ಸಿಲ್‌ನಿಂದ ನಿರಾಕ್ಷೇಪಣಾ ಪತ್ರ ತಂದು ಕರ್ನಾಟಕದ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಕೊನೆಯ ವಾರಕ್ಕೆ ಬಿಡಬೇಡಿ.

ಎರಡು ವರ್ಷದ ಎಎನ್‌ಎಂ (ಸಹಾಯಕ ನರ್ಸ್–ಸೂಲಗಿತ್ತಿ ಕೋರ್ಸ್) ಓದಿದವರಿಗೆ ಈ ಹುದ್ದೆಯಲ್ಲ. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್‌ಸಿ ನರ್ಸಿಂಗ್ ಬೇಕು.

ರಾಷ್ಟ್ರೀಯ ಆರೋಗ್ಯ ಅಭಿಯಾನದ (ಎನ್‌ಎಚ್‌ಎಂ) ಗುತ್ತಿಗೆ ಹುದ್ದೆಯನ್ನೂ ಕೆಲವರು ‘ಸರ್ಕಾರಿ ಕಾಯಂ’ ಎಂದೇ ಹೇಳುತ್ತಾರೆ. ಅದು ನಿಗದಿತ ಅವಧಿಯ ಒಪ್ಪಂದ, ನವೀಕರಿಸುತ್ತಾ ಹೋಗಬೇಕು. ಗುತ್ತಿಗೆಯವರು ಕಾಯಂ ಹುದ್ದೆ ಸಿಕ್ಕ ಕೂಡಲೇ ಹೊರಡುವುದಕ್ಕೆ ಇದೇ ಕಾರಣ.

ಹುದ್ದೆ ಕೊಡಿಸುತ್ತೇವೆಂದು ಫೋನ್‌ಪೇ ನಂಬರ್ ಕಳಿಸಿದವರಿಗೆ ದುಡ್ಡು ಹಾಕಬೇಡಿ. ಹಾಕಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.