ನಿನ್ನೆಯ ಮಳೆಗೆ ಇವತ್ತು ರಜೆ

ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಬೆಳಗ್ಗೆ ಆರಕ್ಕೆ ಫೋನು ಟಿಂಗ್ ಅಂದರೆ ನೋಡದೇ ಗೊತ್ತು, ಯಾರೋ "ನಿಮ್ಮಲ್ಲಿ ಮಳೆ ಹೇಗೆ?" ಅಂತ ಕೇಳಿರುತ್ತಾರೆ. ಕೇಳಿದವನ ಮನೆಗೂ ನನ್ನ ಮನೆಗೂ ಮೂರು ಮೈಲಿ. ಅವನ ಹಂಚಿನ ಮೇಲೆ ಸುರಿದ ಮೋಡವೇ ಕಾಲು ಗಂಟೆ ಬಿಟ್ಟು ನನ್ನ ಹಂಚಿಗೂ ಬರುತ್ತದೆ. ಆದರೂ ಅವನು ಕೇಳಬೇಕು, ನಾನು ಹೇಳಬೇಕು. "ಹನಿ ಕಡಿದಿಲ್ಲ ಮಾರಾಯ." ಆಮೇಲೇ ಇಬ್ಬರಿಗೂ ಕಾಫಿ ಇಳಿಯುವುದು.

ಅಲ್ಲಿಗೇ ನಿಂತರೆ ಚಂದ. ಆದರೆ ಮುಂದೆ ಗೆಳೆಯರ ಗ್ರೂಪಿನಲ್ಲಿ ಇಂಚಿನ ಜಗಳ ಶುರುವಾಗುತ್ತದೆ. ಹೊಸನಗರದವನು ಐದು ಇಂಚು ಅಂದ. ಎರಡು ನಿಮಿಷದಲ್ಲಿ ಸಾಗರದವನದ್ದು ಆರೂವರೆ. ಆಗುಂಬೆ ಕಡೆಯವನೊಬ್ಬ ಸುಮ್ನೆ ಒಂದು ನಗೆ ಮುಖ ಹಾಕಿ ಹೋಗುತ್ತಾನೆ, ವರ್ಷಕ್ಕೆ 7000 ಮಿಲಿಮೀಟರ್ ದಾಟುವ ಊರಿನವನಿಗೆ ಈ ಚಿಲ್ಲರೆ ಲೆಕ್ಕ ಯಾಕೆ ಬೇಕು, ಅಲ್ವಾ? ಪಾಪ ಅನ್ನಿಸುವುದು ಶಿವಮೊಗ್ಗ ಪೇಟೆಯವನನ್ನು ನೋಡಿದರೆ. ಅದೇ ಜಿಲ್ಲೆ, ಆದರೆ ಅವನಿಗೆ ಒಂದಿಂಚು ಸಿಕ್ಕರೆ ಪುಣ್ಯ. ಅವನು ಕೋರ್ಪಲಯ್ಯನ ಛತ್ರದ ಹತ್ತಿರ ಹೋಗಿ, ತುಂಗೆಯಲ್ಲಿ ಮುಳುಗಿದ ಮಂಟಪದ ಫೋಟೋ ಹಾಕಿ ಮಾನ ಉಳಿಸಿಕೊಳ್ಳುತ್ತಾನೆ. ಆ ನೀರೂ ನಮ್ಮ ಕಡೆ ಬಿದ್ದಿದ್ದೇ.

ಆ ಐದು ಇಂಚು ಅಳೆದಿದ್ದು ಯಾವುದರಲ್ಲಿ ಅಂತ ಒಮ್ಮೆ ಕೇಳಿಬಿಟ್ಟೆ. ಪೇಂಟಿನ ಬಕೆಟ್ಟಂತೆ. ಇಟ್ಟಿದ್ದು ಸೂರಿನ ಕೆಳಗೆ. ಅಂದರೆ ಅರ್ಧ ಮಾಡಿನ ನೀರೂ ಅದರೊಳಗೇ.

ಈಗ ಮಳೆಗೆ ಬಣ್ಣ ಬೇರೆ ಬಂದಿದೆ. ಹವಾಮಾನ ಇಲಾಖೆಯ ಎಚ್ಚರಿಕೆಯ ಹಳದಿ, ಕಿತ್ತಳೆ, ಕೆಂಪು. 24 ಗಂಟೆಯಲ್ಲಿ 204.4 ಮಿಲಿಮೀಟರ್ ಮೀರುವ ಹಾಗಿದ್ದರೆ ಕೆಂಪು, ಅಂದರೆ ನಮ್ಮ ಲೆಕ್ಕದಲ್ಲಿ ಎಂಟು ಇಂಚು. ನಮ್ಮಮ್ಮನಿಗೆ ಇದ್ಯಾವುದೂ ಬೇಡ, "ಆರಿದ್ರಾ ಮಳೆ ಆರದೇ ಹುಯ್ಯುತ್ತೆ" ಅಂತ ಹೇಳಿ ಹಪ್ಪಳದ ಡಬ್ಬಿ ತೆಗೆಯುತ್ತಾಳೆ. ನನ್ನ ಕೇಳಿದರೆ ನಂಬಬಹುದಾದ ಬಣ್ಣ ಒಂದೇ, ಮೈಲುತುತ್ತದ ನೀಲಿ. ಕೊಳೆರೋಗ ಬರಬಾರದು ಅಂತ ಅಡಿಕೆಗೆ ಅದರ ಔಷಧಿ ಕಲಸಿ, ಅದನ್ನು ಹೊಡೆಯುವ ಕೊನೆಗೌಡ ಮರ ಹತ್ತಿದ ಅಂದರೆ ಮಳೆ ಬಂತು ಅಂತಲೇ ತಿಳಿಯಿರಿ. ಇದುವರೆಗೆ ಒಮ್ಮೆಯೂ ತಪ್ಪಿಲ್ಲ.

ಇನ್ನು ರಜೆಯ ಕಥೆ. ರಾತ್ರಿ ಒಂಬತ್ತರಿಂದ ಎಲ್ಲರದೂ ಒಂದೇ ಪ್ರಶ್ನೆ, ನಾಳೆ ಶಾಲೆ ಇದೆಯಾ? ಯಾರೋ ಒಂದು ಆದೇಶ ಕಳಿಸುತ್ತಾರೆ, ಸೀಲು, ಸಹಿ ಎಲ್ಲ ಸರಿಯಾಗಿದೆ, ಮಕ್ಕಳು ಕುಣಿದೂ ಆಗಿದೆ, ಆಮೇಲೆ ಒಬ್ಬ ದೊಡ್ಡದು ಮಾಡಿ ನೋಡಿದರೆ ತಾರೀಕು ಹೋದ ವರ್ಷದ್ದು. ಅಸಲಿ ಆದೇಶ ಬರುವುದು ಬೆಳಗ್ಗೆ ಒಂಬತ್ತಕ್ಕೆ. ಅಷ್ಟರಲ್ಲಿ ನನ್ನ ಮಗಳು ಕಾಲಿಗೆ ಅಂಟಿದ ಇಂಬಳ, ಅದೇ ಜಿಗಣೆ, ಕೀಳುತ್ತಾ ತೋಟ ದಾಟಿ, ಬಸ್ಸು ಹತ್ತಿ, ಶಾಲೆಯ ಜಗಲಿಯಲ್ಲಿ ಕೊಡೆ ಕೊಡವುತ್ತಿರುತ್ತಾಳೆ. ಮೇಷ್ಟ್ರು ಫೋನು ನೋಡಿ "ರಜೆ, ಮನೆಗೆ ಹೋಗಿ" ಅನ್ನುತ್ತಾರೆ. ಮಕ್ಕಳು ನೆನೆಯಬಾರದು ಅಂತ ಕೊಟ್ಟ ರಜೆಗೆ ಮಕ್ಕಳು ಎರಡು ಸಲ ನೆನೆದವು. ಹತ್ತು ಗಂಟೆಗೆ ಬಿಸಿಲು.

ಇದಕ್ಕೆ ಕಾರಣ ನನಗೆ ಹೊಳೆದಿದೆ. ದಿನದ ಮಳೆಯ ಲೆಕ್ಕ ಮುಗಿಯುವುದೇ ಬೆಳಗ್ಗೆ ಎಂಟೂವರೆಗೆ. ಹಾಗಾಗಿ ನಮಗೆ ಸಿಗುವುದು ನಿನ್ನೆಯ ಮಳೆಯ ರಜೆ. ಇವತ್ತಿನ ಮಳೆಗೆ ನಾಳೆ ಸಿಗುತ್ತದೆ, ಅರ್ಜಿ ಹಾಕಿದ ಹಾಗೆ. ಅದೂ ತಾಲ್ಲೂಕು ನೋಡಿ ಕೊಡುವುದು. ಹಳ್ಳದ ಆಚೆ ಹೊಸನಗರ, ಅಲ್ಲಿ ರಜೆ. ಈಚೆ ತೀರ್ಥಹಳ್ಳಿ, ಇಲ್ಲಿ ಶಾಲೆ. ಹಳ್ಳ ಉಕ್ಕಿದೆ, ಮೇಷ್ಟ್ರ ಮನೆ ಆಚೆ, ಮಕ್ಕಳು ಈಚೆ. ಹೀಗೆ ಕಳೆದುಹೋದ ದಿನಗಳನ್ನು ಶನಿವಾರ ಮಧ್ಯಾಹ್ನ ಕೂರಿಸಿ ತುಂಬಿಸುತ್ತಾರೆ, ಅವತ್ತು ನೋಡಿ, ಜಡಿಮಳೆ.

ಇದರ ನಡುವೆ ಬೆಂಗಳೂರಿನ ಗೆಳೆಯ. "ಪುಣ್ಯವಂತರು ಕಣ್ರೋ ನೀವು, ಮಳೆಯದ್ದೊಂದು ವಿಡಿಯೋ ಹಾಕ್ರೋ." ಇಲ್ಲಿ ಎಂಟು ದಿನದಿಂದ ಚಡ್ಡಿ ಒಣಗಿಲ್ಲ. ಬಚ್ಚಲ ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದ ಶರ್ಟು ಹಾಕಿಕೊಂಡರೆ ನಾವೇ ಹೊಗೆಸೊಪ್ಪಿನ ವಾಸನೆ ಬರುತ್ತೇವೆ. ಆದರೂ ಕೇಳಿದ್ದಾನಲ್ಲ, ಕರೆಂಟು ಹೋಗಿ ಮನೆ ಹತ್ತಿರ ಸಿಗ್ನಲ್ ಇಲ್ಲದ್ದಕ್ಕೆ ಗುಡ್ಡ ಹತ್ತಿದೆ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೋನು, ಹಿಮ್ಮಡಿಯಲ್ಲಿ ಇಂಬಳ. ವಿಡಿಯೋ ಅರ್ಧ ಹೋಗಿತ್ತು, ಟಿಂಗ್ ಅಂತು. ಮೂರು ಮೈಲಿ ಆಚೆಯವನು.

"ನಿಮ್ಮಲ್ಲಿ ಹೊಳವಾಯ್ತಾ?"

ಕೊಡೆಯ ಕೆಳಗೆ ನಿಂತೇ ಹವಾಮಾನದ ಆ್ಯಪ್ ತೆರೆದೆ. ಅದರಲ್ಲಿ ಸೂರ್ಯನ ಚಿತ್ರ ಇತ್ತು.

"ಹೂಂ, ಬಿಸಿಲು ಬಂದಿದೆ" ಅಂತ ಬರೆದು ಕಳಿಸಿದೆ.