1919ರ ಬರ್ಲಿನ್ ಬಿಟ್ಟುಹೋಗಿದೆ

ತೆರೆಯ ಮೇಲಿನ ಸಲಿಂಗಪ್ರೇಮದ ಚರಿತ್ರೆ ಕುರಿತ ನಿಮ್ಮ ಲೇಖನ ಓದಿದೆ. ಆ ಚರಿತ್ರೆಯನ್ನು ಲೇಖಕರು 1960ರ ದಶಕದಿಂದ ಆರಂಭಿಸಿರುವುದು ನನಗೆ ಬೇಸರ ತಂದಿತು. ಅದಕ್ಕೂ ನಾಲ್ಕು ದಶಕ ಮೊದಲೇ, 1919ರಲ್ಲಿ, ಬರ್ಲಿನ್ನಿನಲ್ಲಿ ರಿಚರ್ಡ್ ಓಸ್ವಾಲ್ಡ್ ‘ಆಂಡರ್ಸ್ ಆಲ್ಸ್ ಡೀ ಆಂಡರ್ನ್’ ಎಂಬ ಮೂಕಿ ಚಿತ್ರ ತೆಗೆದಿದ್ದರು. ಕಾನ್ರಾಡ್ ಫೈಟ್ ಅದರಲ್ಲಿ ಪಿಟೀಲು ವಾದಕ. ತನ್ನ ಶಿಷ್ಯನನ್ನು ಪ್ರೀತಿಸುತ್ತಾನೆ, ಗುಟ್ಟು ಬಯಲು ಮಾಡುವುದಾಗಿ ಬೆದರಿಸಿ ಒಬ್ಬ ಹಣ ಸುಲಿಯುತ್ತಾನೆ, ಕೊನೆಗೆ ಆತ್ಮಹತ್ಯೆ. ಲೈಂಗಿಕ ವಿಜ್ಞಾನಿ ಮಾಗ್ನಸ್ ಹಿರ್ಷ್‌ಫೆಲ್ಡ್ ಚಿತ್ರಕಥೆಗೆ ಕೈಜೋಡಿಸಿದ್ದಲ್ಲದೆ ವೈದ್ಯನಾಗಿ ತೆರೆಯ ಮೇಲೂ ಬಂದು, ತಪ್ಪು ಪ್ರೀತಿಸಿದವನದಲ್ಲ, ಗಂಡಸರ ಸಲಿಂಗಕಾಮವನ್ನು ಅಪರಾಧವೆಂದ ಜರ್ಮನ್ ದಂಡಸಂಹಿತೆಯ 175ನೇ ಕಲಮಿನದು ಎಂದು ವಾದಿಸುತ್ತಾರೆ. ಆ ಕಾಲದಲ್ಲಿ ಅದೆಂಥ ಧೈರ್ಯ!

1920ರಲ್ಲೇ ಸಾರ್ವಜನಿಕ ಪ್ರದರ್ಶನಕ್ಕೆ ನಿಷೇಧ ಬಿತ್ತು. ಮುಂದೆ ನಾತ್ಸಿಗಳು ಪ್ರತಿಗಳನ್ನು ನಾಶಮಾಡಿದರು. ಇಂದು ತುಣುಕುಗಳಾದರೂ ಉಳಿದಿದ್ದರೆ, ಹಿರ್ಷ್‌ಫೆಲ್ಡ್ 1927ರಲ್ಲಿ ಇನ್ನೊಂದು ಚಿತ್ರಕ್ಕೆ ಅದರ ಭಾಗಗಳನ್ನು ಬಳಸಿಕೊಂಡಿದ್ದರಿಂದ.

ನಾಯಕ ಸಾಯುವ ಚಿತ್ರಗಳನ್ನೆಲ್ಲ ಲೇಖನ ಒಂದೇ ಸಾಲಿಗೆ ಸೇರಿಸಿ ಟೀಕಿಸಿದೆ. ಇದನ್ನು ನಾನು ಒಪ್ಪುವುದಿಲ್ಲ. ಓಸ್ವಾಲ್ಡರ ಚಿತ್ರದಲ್ಲಿ ಸಾವು ಕಾನೂನಿನ ಮೇಲೆ ಹೊರಿಸಿದ ಆರೋಪ. 1934ರಿಂದ ಚಿತ್ರಗಳಲ್ಲಿ ಏನನ್ನು ತೋರಿಸಬಾರದೆಂದು ಅಮೆರಿಕದ ಚಿತ್ರೋದ್ಯಮ ತಾನೇ ಹಾಕಿಕೊಂಡಿದ್ದ ನಿಯಮಾವಳಿಯಾದ ಹೇಸ್ ಸಂಹಿತೆ ಬಿಗಿಯಾದ ಮೇಲೆ ಹಾಲಿವುಡ್‌ನಲ್ಲಿ ಇಂಥ ಪಾತ್ರಗಳು ಬರಿಯ ಸುಳಿವುಗಳಾಗಿ ಉಳಿದವು; ಅಲ್ಲಿನ ಸಾವು ಪಾತ್ರಕ್ಕೆ ಕೊಟ್ಟ ಶಿಕ್ಷೆ. ಈ ವ್ಯತ್ಯಾಸವನ್ನು ದಯವಿಟ್ಟು ಲೇಖನದಲ್ಲಿ ಸೇರಿಸಿ.